ಕೂಸಿನ ಉಸಿರು ಕಾಯುವುದಿಲ್ಲ



ರಾಯಚೂರಿಗೆ ಏಮ್ಸ್ ಬೇಕೆಂದು 2022ರಲ್ಲಿ ಆರಂಭವಾದ ಹೋರಾಟ ನ್ಯಾಯವಾದದ್ದೇ. ಆದರೆ ದೊಡ್ಡಾಸ್ಪತ್ರೆಯೊಂದು ಬಂದರೆ ಸಾಕೆಂಬ ವಾದವನ್ನು ನಾನು ಒಪ್ಪಲಾರೆ. ದಿನ ತುಂಬದೆ ಹುಟ್ಟಿದ ಕೂಸಿನಲ್ಲಿ, ಶ್ವಾಸಕೋಶದ ಗಾಳಿಚೀಲಗಳನ್ನು ತೆರೆದಿಡುವ ಸರ್ಫ್ಯಾಕ್ಟಂಟ್ ಎಂಬ ದ್ರವ್ಯ ಸಾಲದೇ ಹೋಗುವುದುಂಟು. ಅಂಥ ಕೂಸಿಗೆ ಮೊದಲ ಗಂಟೆಗಳಲ್ಲೇ ಸಿಪ್ಯಾಪ್ ಯಂತ್ರದ ನೆರವು ದೊರೆಯಬೇಕು. ಯಂತ್ರ ತಂದಿಟ್ಟರಾಯಿತೇ? ರಾತ್ರಿ ಪಾಳಿಯಲ್ಲಿ ಅದನ್ನು ನಡೆಸಬಲ್ಲ ನರ್ಸ್ ಬೇಡವೇ? ಮಾನ್ವಿ, ದೇವದುರ್ಗಗಳಲ್ಲಿಯೂ ಈ ಪ್ರಶ್ನೆ ಏಳಬೇಕು.

ನಮ್ಮ ಕರ್ತವ್ಯವೂ ಇದೆ. ಎರಡು ತಿಂಗಳೊಳಗಿನ ಕೂಸು ಶಾಂತವಾಗಿರುವಾಗಲೂ ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡಿದರೆ, ಎದೆಯ ಕೆಳಭಾಗ ಒಳಕ್ಕೆ ಸೆಳೆದರೆ, ಅದು ಅಪಾಯದ ಸೂಚನೆ. ಆಗ ಬರೆ ಹಾಕುವುದು ಚಿಕಿತ್ಸೆಯಲ್ಲ, ಹಿಂಸೆ. ಯರಗೇರಾದವರೇ, ನಿಮಗೆ ಎಣಿಕೆ ಕಲಿಸಿದ ಮಾಸ್ತರನ ಮಾತು ಕೇಳಿ: ಗಡಿಯಾರ ನೋಡಿ ಉಸಿರೆಣಿಸಿರಿ, ತಡಮಾಡದೆ ಆಸ್ಪತ್ರೆಗೆ ಹೊರಡಿರಿ.