ಹನ್ನೊಂದು ಅಂದ್ರೆ ಕೇಬಲ್ ನೋಡಿ

ನಮ್ಮ ಡೊಂಬಿವಲಿ ಬಿಲ್ಡಿಂಗ್‌ನಲ್ಲಿ ಕಂಪ್ಯೂಟರ್ ನಿಧಾನ ಅಂದ್ರೆ ಎಲ್ಲರದ್ದೂ ಒಂದೇ ಔಷಧಿ, ಇನ್ನೂ ದೊಡ್ಡ ಇಂಟರ್ನೆಟ್ ಪ್ಲಾನ್. ಒಂದು ಕೋಣೆಯ ಕಂಪ್ಯೂಟರಿಂದ ಇನ್ನೊಂದು ಕೋಣೆಯದಕ್ಕೆ ಫೈಲ್ ಕಾಪಿ ಆಗ್ತಿಲ್ಲ ಅಂದ್ರೂ ಅದೇ. ನನ್ನ ತಕರಾರು ಇಲ್ಲೇ. ಆ ಫೈಲು ಮನೆಯ ಹೊಸ್ತಿಲನ್ನೇ ದಾಟೋದಿಲ್ಲ ಸ್ವಾಮಿ! ಪಕ್ಕದ ಕೋಣೆಗೆ ಹೋಗೋಕೆ ಯಾರಾದ್ರೂ ಟೋಲ್ ಕಟ್ತಾರಾ?

ಕಳೆದ ತಿಂಗಳು ನಮ್ಮ ಹಳೇ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನೋಕೆ ಶುರು ಮಾಡ್ತು. ಅದರಲ್ಲಿ 200 ಜಿಬಿ ಸಾಮಾನು. ಊರಿನ ಮನೆ ಮಾರೋ ಮುಂಚಿನ ಫೋಟೋಗಳು, ಕ್ಯಾಸೆಟ್ಟಿಂದ ಇಳಿಸಿಕೊಂಡ ಅಮ್ಮನ ಸೋಬಾನೆ ಹಾಡುಗಳು. ಅಮ್ಮ ಈಗಿಲ್ಲ. ಹಾಡಿನ ಫೋಲ್ಡರನ್ನ ಮೊದಲು ಪೆನ್‌ಡ್ರೈವಿಗೆ ಹಾಕಿಕೊಂಡೆ. ಮಿಕ್ಕದ್ದನ್ನ ಇನ್ನೊಂದು ಕಂಪ್ಯೂಟರಿಗೆ ಕಾಪಿ ಕೊಟ್ಟರೆ ಸೆಕೆಂಡಿಗೆ 11 ಎಂಬಿ. ಲೆಕ್ಕ ಹಾಕಿದೆ, ಐದು ಗಂಟೆ. ಏದುಸಿರು ಬಿಡ್ತಿರೋ ಡಿಸ್ಕು ಅಷ್ಟು ಹೊತ್ತು ಇರುತ್ತೆ ಅಂತ ಗ್ಯಾರಂಟಿ ಏನು? ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ "ಅಪ್‌ಗ್ರೇಡ್ ಮಾಡಿ ಸರ್" ಅಂದ್ರು. (ಕೇಳಿದ್ದು ಬಿಟ್ಟು ಬೇರೇನೋ ಮಾರೋ ಕಲೆ ನಮ್ಮ ಬ್ಯಾಂಕಿನವರಿಗೂ ಗೊತ್ತು ಬಿಡಿ.)

ಬಿ.ಕಾಂ. ಓದಿದವರಿಗೆ ನೆನಪಿರಬಹುದು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದೆ ವ್ಯತ್ಯಾಸ 9ರಿಂದ ಭಾಗವಾದ್ರೆ, ಯಾರಾದ್ರೂ 54ನ್ನು 45 ಅಂತ ಬರೆದಿದ್ದಾರಾ ಅಂತ ಮೊದಲು ಹುಡುಕ್ತೀವಿ. ಅಂಕಿಯೇ ಕಳ್ಳನ ಹೆಜ್ಜೆಗುರುತು. ಈ 11 ಕೂಡ ಅಂಥದ್ದೇ. ಲೈನಿನ ವೇಗ ಹೇಳೋದು ಮೆಗಾಬಿಟ್‌ನಲ್ಲಿ, ಕಾಪಿ ಆಗುವಾಗ ತೋರಿಸೋದು ಮೆಗಾಬೈಟ್‌ನಲ್ಲಿ. 8 ಬಿಟ್ಟಿಗೆ ಒಂದು ಬೈಟು. 100 ಮೆಗಾಬಿಟ್ ಅಂದ್ರೆ 12.5 ಮೆಗಾಬೈಟ್, ದಾರಿ ಖರ್ಚು ಕಳೆದು ಕೈಗೆ ಬರೋದು 11 ಚಿಲ್ಲರೆ. ಅಂದ್ರೆ ಗಿಗಾಬಿಟ್, ಅಂದ್ರೆ 1000, ಓಡಬೇಕಾದ ಕಡೆ ಎಲ್ಲೋ 100ಕ್ಕೆ ಇಳಿದಿದೆ.

ಗಿಗಾಬಿಟ್‌ಗೆ ಕೇಬಲ್ಲಿನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕು ಸಾಕು. ಉಳಿದ ನಾಲ್ಕರಲ್ಲಿ ಒಂದು ಕಡಿದ್ರೆ ಸಾಮಾನ್ಯವಾಗಿ ಲೈನ್ ಸಾಯೋದಿಲ್ಲ, ಸದ್ದಿಲ್ಲದೆ ಕುಂಟುತ್ತೆ. ಅದಕ್ಕೇ ಯಾರಿಗೂ ಅನುಮಾನ ಬರೋಲ್ಲ. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ ನೋಡಿದೆ, 100/100. ಕೇಬಲ್ ಹಿಡಿದು ಹೊರಟರೆ ಬೆಡ್‌ರೂಮಿನ ಬಾಗಿಲ ಸಂದಿಯಲ್ಲಿ ಅಪ್ಪಚ್ಚಿಯಾಗಿದೆ. ಹೊಸ ಕೇಬಲ್ ಹಾಕಿದ ಮೇಲೆ 80-90ರಲ್ಲಿ ಓಡ್ತು. ಸಣ್ಣ ಸಣ್ಣ ಫೋಟೋ ಬಂದಾಗ ನಿಧಾನ ಆಯ್ತು ನಿಜ, ಪ್ರತಿ ಫೈಲಿಗೂ ತೆಗೆಯೋ ಮುಚ್ಚೋ ಕೆಲಸ ಇರುತ್ತಲ್ಲ, ಸಾವಿರ ಚೆಕ್ ಪಾಸ್ ಮಾಡಿದ ಹಾಗೆ. ಆದ್ರೂ ಗಂಟೆಯೊಳಗೆ ಎಲ್ಲಾ ಬಂತು.

ಎರಡೂ ಕಂಪ್ಯೂಟರ್ ವೈಫೈಯಲ್ಲಿದ್ರೆ ಒಂದೇ ಫೈಲು ಗಾಳಿಯಲ್ಲಿ ಎರಡು ಸಲ ಹಾರಬೇಕು, ರೂಟರ್‌ಗೊಮ್ಮೆ, ಅಲ್ಲಿಂದೊಮ್ಮೆ. ವೇಗ ಹೆಚ್ಚುಕಮ್ಮಿ ಅರ್ಧ. 2.4 ಗಿಗಾಹರ್ಟ್ಜ್ ಆದ್ರಂತೂ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6, 11 ಮೂರೇ, ಬಿಲ್ಡಿಂಗ್ ತುಂಬಾ ರೂಟರ್ರು. ಎರಡರಲ್ಲಿ ಒಂದಕ್ಕಾದ್ರೂ ತಂತಿ ಹಾಕಿ.

ಮೂರನೇ ಮಹಡಿಯವರು ನಿನ್ನೆ ಪ್ಲಾನ್ ಏರಿಸೋಕೆ ಹೊರಟಿದ್ರು. ಹೊರಗಿನ ಡಿಸ್ಕಿಗೆ ಕಾಪಿ ಎಷ್ಟರಲ್ಲಿ ಹೋಗ್ತಿದೆ ಅಂತ ಕೇಳಿದೆ. 35 ಅಂದ್ರು. ಹಳೇ ಯುಎಸ್‌ಬಿ 2.0 ಪೋರ್ಟಿನ ವಾಸನೆ ಹೊಡೀತಿದೆ. ಭಾನುವಾರ ಹೋಗಿ ನೋಡ್ತೀನಿ, ಅಲ್ಲೀತನಕ ದುಡ್ಡು ಕಟ್ಟಬೇಡಿ ಅಂದಿದ್ದೀನಿ.