ಖಾಲಿ ಮನೆಯ ಲೆಕ್ಕಾಚಾರ

ಬೆಳಗಿನ ಜಾವ ಮಾರಿಕುಪ್ಪಂ ನಿಲ್ದಾಣದಿಂದ ಹೊರಡುವ ರೈಲಿನಲ್ಲಿ ಒಮ್ಮೆ ಪ್ರಯಾಣಿಸಿದವರಿಗೆ ಕೋಲಾರ ಚಿನ್ನದ ಗಣಿ ಪ್ರದೇಶದ ಇಂದಿನ ಅರ್ಥವ್ಯವಸ್ಥೆಯನ್ನು ಬೇರೆ ವಿವರಿಸಬೇಕಾಗಿಲ್ಲ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಇಲ್ಲಿನ ಜನರ ಅನ್ನ ಬಹುಮಟ್ಟಿಗೆ ಬೆಂಗಳೂರಿನಲ್ಲಿದೆ. ಕಾವಲುಗಾರರು, ಗಾರ್ಮೆಂಟ್ಸ್ ನೌಕರರು, ಗಾರೆ ಕೆಲಸದವರು, ಅಂಗಡಿಗಳ ಗುಮಾಸ್ತರು ಕತ್ತಲಿರುವಾಗಲೇ ಹೊರಟು ಕತ್ತಲಾದ ಮೇಲೆ ಮರಳುತ್ತಾರೆ. ದಿನಕ್ಕೆ ನಾಲ್ಕೈದು ಗಂಟೆ ರೈಲಿನಲ್ಲಿ ಕಳೆಯುವುದಕ್ಕೆ ಇವರು ಒಪ್ಪಿರುವ ಒಂದು ಮುಖ್ಯ ಕಾರಣವೆಂದರೆ ಇಲ್ಲಿನ ಬಾಡಿಗೆ ಕಡಿಮೆ. ಆ ಕಾರಣ ಎಷ್ಟು ದಿನ ಉಳಿದೀತು ಎಂಬುದು ನನ್ನಂಥ ಮನೆ ಮಾಲೀಕರ ಕೈಯಲ್ಲಿಯೂ ಇದೆ.

ನಿವೃತ್ತಿಯ ನಂತರ ಆಂಡರ್ಸನ್‌ಪೇಟೆಯಲ್ಲಿ ತಂದೆಯವರು ಕಟ್ಟಿಸಿದ ಮನೆಯ ಆಡಳಿತ ನನ್ನ ಪಾಲಿಗೆ ಬಂತು. ಮೂರು ಸಣ್ಣ ವಠಾರದ ಮನೆಗಳು. ಹಿಂಬದಿಯ ಮನೆಗೆ ಬಾಡಿಗೆ 3,000 ರೂಪಾಯಿ. ಎರಡೂವರೆ ವರ್ಷಗಳಲ್ಲಿ ಅದರಲ್ಲಿ ಮೂರು ಸಂಸಾರಗಳು ಬಂದು ಹೋದವು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನಾದರೂ ನಾನು ಬಾಡಿಗೆ ಹೆಚ್ಚಾಯಿತೇನೋ ಎಂದುಕೊಂಡೆನೇ ಹೊರತು ಬೇರೇನನ್ನೂ ಯೋಚಿಸಲಿಲ್ಲ. ಮೂರನೆಯವರು ಬೀಗದ ಕೈ ಕೊಡಲು ಬಂದಾಗ ಆ ಹೆಣ್ಣುಮಗಳನ್ನು ಕೇಳಿಯೇಬಿಟ್ಟೆ. ‘ಬಾಡಿಗೆ ಜಾಸ್ತಿ ಅಂತಲ್ಲ ಸಾರ್. ನೀರು ಹಿಡಿಯೋಕೆ ಒಬ್ಬರು ಮನೇಲೇ ಇರಬೇಕು. ಆ ದಿನದ ಕೂಲಿ ಹೋಗುತ್ತೆ’ ಎಂದರು.

ನಮ್ಮ ಬೀದಿಯಲ್ಲಿ ನಲ್ಲಿ ನೀರಿಗೆ ನಿಶ್ಚಿತ ಹೊತ್ತಿಲ್ಲ. ಮನೆಯಲ್ಲಿ ಯಾರಾದರೂ ಇದ್ದರೆ ಕೊಡಗಳು ತುಂಬುತ್ತವೆ, ಇಲ್ಲವಾದರೆ ಇಲ್ಲ. ಗಂಡ ಹೆಂಡತಿ ಇಬ್ಬರೂ ರೈಲು ಹತ್ತುವ ಮನೆಗೆ ನಾನು ಕೊಟ್ಟಿದ್ದು ಒಂದು ಬರಿಯ ನಲ್ಲಿ. ಕಾಗದದ ಮೇಲಿನ ಬಾಡಿಗೆ 3,000 ಆದರೂ ಅವರು ನಿಜವಾಗಿ ತೆರುತ್ತಿದ್ದುದು ಅದರ ಜೊತೆಗೆ ತಿಂಗಳಿಗೆ ಕೆಲವು ದಿನಗಳ ಕೂಲಿಯನ್ನು.

ಆಗ ನನ್ನ ಲೆಕ್ಕವನ್ನೂ ಹಾಕಿ ನೋಡಿದೆ. ಪ್ರತಿ ಸಲ ಮನೆ ಖಾಲಿಯಾದಾಗ ಸುಮಾರು ಎರಡು ತಿಂಗಳ ಬಾಡಿಗೆ ನಷ್ಟ; ಸುಣ್ಣಬಣ್ಣ, ಸಣ್ಣಪುಟ್ಟ ರಿಪೇರಿಗೆ ನಾಲ್ಕು ಸಾವಿರ. ಒಟ್ಟು ಹತ್ತು ಸಾವಿರ. ಮೂರು ಸಲಕ್ಕೆ ಮೂವತ್ತು ಸಾವಿರ, ಅಂದರೆ ಹತ್ತು ತಿಂಗಳ ಬಾಡಿಗೆ! 500 ಲೀಟರಿನ ಒಂದು ಟ್ಯಾಂಕ್, ಮೊಣಕಾಲೆತ್ತರದ ಇಟ್ಟಿಗೆ ಕಟ್ಟೆ, ನೀರು ತುಂಬಿದೊಡನೆ ತಾನೇ ಮುಚ್ಚಿಕೊಳ್ಳುವ ಬಾಲ್ ಕಾಕ್, ಕೆಳಗೊಂದು ನಲ್ಲಿ, ಇವೆಲ್ಲಕ್ಕೂ ಕೂಲಿ ಸೇರಿ ತಗುಲಿದ್ದು ಏಳು ಸಾವಿರದ ಆಸುಪಾಸು. ಮಹಡಿಯ ಮೇಲೆ ಇಡುವ ಗೋಜಿಗೆ ಹೋಗಲಿಲ್ಲ, ನಲ್ಲಿ ನೀರಿಗೆ ಅಷ್ಟು ಒತ್ತಡವಿಲ್ಲ. ಈಗ ಯಾರೂ ಇಲ್ಲದಾಗಲೂ ನೀರು ತುಂಬುತ್ತದೆ. ನಂತರ ಬಂದ ಸಂಸಾರ ನಾಲ್ಕನೆಯ ವರ್ಷದಲ್ಲಿದೆ.

ಬಾಡಿಗೆದಾರನನ್ನು ಒಲಿಸಿಕೊಳ್ಳಬೇಕೆಂಬ ವಿಚಾರವೇ ಈ ಊರಿಗೆ ಹೊಸದು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಗಣಿಗಾರಿಕೆ ಆರಂಭಿಸಿದ ಮೇಲೆ ಇಲ್ಲಿನ ದೊಡ್ಡ ಮನೆ ಮಾಲೀಕ ಗಣಿಯೇ. ಕೆಲಸವಿದ್ದರೆ ಲೈನಿನಲ್ಲಿ ಮನೆ. ತಟ್ಟಿಯ ಗೋಡೆ ಸೋರಿದರೂ ಬಿಟ್ಟು ಹೋಗುವುದೆಲ್ಲಿಗೆ? 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹರಿದು ಬಂದದ್ದು ಗಣಿಯ ಯಂತ್ರಗಳಿಗೆ. ಕಾರ್ಮಿಕರ ಲೈನುಗಳ ಸರದಿ ಆಮೇಲಿನದು. ಗಣಿ ಮುಚ್ಚಿತಾದರೂ ಆ ಮಾಲೀಕನ ಮನೋಧರ್ಮ ಪೇಟೆಯ ಖಾಸಗಿ ಮಾಲೀಕರಾದ ನಮ್ಮಲ್ಲಿ ಉಳಿದುಕೊಂಡಿದೆ. ಆದರೆ ಇಂದಿನ ಬಾಡಿಗೆದಾರ ಕಟ್ಟುಬಿದ್ದವನಲ್ಲ. ಮಾಲೂರಿಗೋ ವೈಟ್‌ಫೀಲ್ಡಿನ ಆಚೀಚೆಗೋ ಹೋಗಿ ಒಂದು ಕೋಣೆ ಹಿಡಿದರೆ ಅವನಿಗೆ ದಿನಕ್ಕೆ ಎರಡು ಮೂರು ಗಂಟೆ ಉಳಿಯುತ್ತದೆ.

ಪ್ರತ್ಯೇಕ ವಿದ್ಯುತ್ ಮೀಟರಿನ ವಿಷಯವೂ ಇಷ್ಟೇ ಮುಖ್ಯ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ತಮ್ಮ ಆಧಾರ್ ಸಂಖ್ಯೆಯನ್ನು ಮನೆಯ ಆರ್.ಆರ್. ಸಂಖ್ಯೆಗೆ ಜೋಡಿಸಿಕೊಂಡರೆ ಮಿತಿಗೊಳಪಟ್ಟು 200 ಯೂನಿಟ್‌ವರೆಗೆ ಶುಲ್ಕವಿಲ್ಲ. ವಠಾರಕ್ಕೆಲ್ಲ ಒಂದೇ ಮೀಟರ್ ಇಟ್ಟು, ಒಳಗೆ ಸಬ್‌ಮೀಟರ್ ಹಾಕಿ, ಯೂನಿಟ್ಟಿಗೆ ಇಷ್ಟೆಂದು ವಸೂಲು ಮಾಡುವ ಮಾಲೀಕರು ಈ ಸೌಲಭ್ಯವನ್ನು ತಪ್ಪಿಸುತ್ತಿದ್ದಾರೆ. ಅದರಿಂದ ಸಿಗುವ ಅಲ್ಪ ಲಾಭ ಒಂದು ತಿಂಗಳು ಮನೆ ಖಾಲಿಯಿದ್ದರೆ ಕರಗಿ ಹೋಗುತ್ತದೆ.

ಉಳಿದವು ಇನ್ನೂ ಅಗ್ಗದವು. ರಾತ್ರಿ ಮರಳುವವರಿಗೆ ಓಣಿಯಲ್ಲೊಂದು ದೀಪ, ಬಚ್ಚಲುಮನೆಗೆ ಭದ್ರವಾದ ಚಿಲಕ, ಬೇಸಿಗೆಗೆ ಮುನ್ನ ತಾರಸಿಗೆ ಬಿಳಿ ಸುಣ್ಣ. ಗಾಳಿ ಬೀಸುವ ತಿಂಗಳುಗಳಲ್ಲಿ ಸೈನೈಡ್ ದಿಬ್ಬಗಳಿಂದ ಏಳುವ ದೂಳಿಗೆ ಸೊಳ್ಳೆ ಪರದೆ ಸಾಲದು, ಸಂದಿಯಿಲ್ಲದೆ ಮುಚ್ಚುವ ಕಿಟಕಿ ಬಾಗಿಲು ಬೇಕು. ಇವನ್ನೆಲ್ಲ ಬಿಟ್ಟು ನೆಲಕ್ಕೆ ಹೊಳೆಯುವ ಟೈಲ್ಸ್ ಹಾಸಿ ಐನೂರು ರೂಪಾಯಿ ಏರಿಸುವವರನ್ನು ಕಂಡರೆ ನನಗೆ ಸೋಜಿಗವೆನಿಸುತ್ತದೆ. ಇನ್ನು, ಮನೆ ನೋಡಲು ಬಂದವರ ಜಾತಿಯನ್ನೂ ಅಡುಗೆಯನ್ನೂ ವಿಚಾರಿಸುವುದನ್ನು ನಿಲ್ಲಿಸಲು ಒಂದು ಪೈಸೆಯೂ ಖರ್ಚಾಗದು. ಗಣಿ ಕಾರ್ಮಿಕರಲ್ಲಿ ಬಹುಪಾಲು ದಲಿತರೇ ಆಗಿದ್ದ ಈ ಊರಿನಲ್ಲಿ ಆ ಪ್ರಶ್ನೆ ಇನ್ನೂ ಕೇಳಿಬರುತ್ತಿರುವುದು ನಾಚಿಕೆಗೇಡು.

ಬಾಡಿಗೆಯೊಂದನ್ನೇ ನಂಬಿದ ವಿಧವೆಯರೂ ವೃದ್ಧರೂ ಈ ಹಣವನ್ನು ಎಲ್ಲಿಂದ ತರಬೇಕು ಎಂಬ ಆಕ್ಷೇಪ ನ್ಯಾಯವಾದುದು. ಒಂದೇ ಸಲ ಎಲ್ಲವನ್ನೂ ಮಾಡಬೇಕಿಲ್ಲ. ವರ್ಷಕ್ಕೊಂದು ಕೆಲಸ ಮಾಡಿದರೂ ಆಯಿತು, ಯಾವುದು ಮೊದಲು ಎಂಬುದನ್ನು ಬಾಡಿಗೆದಾರರನ್ನೇ ಕೇಳಬಹುದು. ಅನುಕೂಲ ಹೆಚ್ಚಾದರೆ ಅವರು ಬಿಟ್ಟೇ ಹೋಗುವುದಿಲ್ಲ ಎಂಬ ಇನ್ನೊಂದು ಭಯವಿದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದ ಅನುಭವ ಅದು. ಆ ಕಾಯ್ದೆಯ ಜಾಗಕ್ಕೆ 2001ರ ಕೊನೆಯಲ್ಲಿ ಹೊಸ ಬಾಡಿಗೆ ಕಾಯ್ದೆ ಬಂದಾಗಿದೆ, ಹನ್ನೊಂದು ತಿಂಗಳ ಕರಾರು ಎಲ್ಲೆಡೆ ರೂಢಿಯಲ್ಲಿದೆ. ಬೆಳಗಿನ ರೈಲಿಗೆ ಓಡುವವರಿಗೆ ಪರರ ಮನೆಯನ್ನು ಕಬಳಿಸುವಷ್ಟು ಪುರುಸೊತ್ತು ಇದ್ದಂತೆ ನನಗೆ ಕಂಡಿಲ್ಲ.

ನನ್ನ ಮುಂಬದಿಯ ಮನೆಗೆ ಇನ್ನೂ ಪ್ರತ್ಯೇಕ ಮೀಟರ್ ಇಲ್ಲ. ಅರ್ಜಿಗೆ ಬೇಕಾದ ಕಾಗದಪತ್ರಗಳನ್ನು ಹೊಂದಿಸಿಟ್ಟಿದ್ದೇನೆ. ಈ ತಿಂಗಳು ಕೊಡಬೇಕಿದೆ.