ಶೀಟಿನ ಮನೆಗೆ ಸೂರ್ಯ ಬರಲ್ವಾ?

ಮೊನ್ನೆ ಭಾನುವಾರ ನಮ್ಮ ಕೇರಿಯ ದೊಡ್ಡಮ್ಮ ಒಬ್ರು ಕರೆಂಟ್ ಬಿಲ್ಲು, ಆಧಾರ್, ಪಾಸ್‌ಬುಕ್ ಎಲ್ಲಾ ಕವರಿಗೆ ಹಾಕ್ಕೊಂಡು ಬಂದ್ರು. "ಮಗಾ, ಸೋಲಾರ್‌ಗೆ ಸರ್ಕಾರ ದುಡ್ಡು ಕೊಡ್ತದಂತೆ, ನಂದೂ ಒಂದು ಅರ್ಜಿ ಹಾಕ್ಕೊಡಪ್ಪ" ಅಂದ್ರು. ಆಫೀಸಲ್ಲಿ ದಿನಾ ಅರ್ಜಿ ನೋಡೋ ಗುಮಾಸ್ತ ನಾನು. ಆದ್ರೂ ಅದೊಂದು ಅರ್ಜಿ ಹಾಕೋಕಾಗಲಿಲ್ಲ.

ಮೀಟರು ತೀರಿಹೋದ ಅವರ ಮಾವನ ಹೆಸರಲ್ಲಿದೆ. ಬಿಲ್ಲಿನಲ್ಲಿರೋ ಹೆಸರೇ ಅರ್ಜಿದಾರರದ್ದೂ ಆಗಿರಬೇಕು. ಬದಲಿಸೋಣ ಅಂದ್ರೆ ಮನೆ ಕಾಗದ ಕೇಳ್ತಾರೆ. ಹಕ್ಕುಪತ್ರವೂ ಮಾವನದ್ದೇ, ಖಾತೆ ಆಗೇ ಇಲ್ಲ. ಅದೂ ಸರಿಯಾಯ್ತು ಅನ್ನಿ, ಪ್ಯಾನಲ್ ಹೊರೋಕೆ ಗಟ್ಟಿ ತಾರಸಿ ಬೇಕು, ಇವರದ್ದು ಶೀಟಿನ ಮನೆ.

2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30 ಸಾವಿರ, 3 ಕಿಲೋವ್ಯಾಟ್‌ಗೆ 78 ಸಾವಿರ ಸಬ್ಸಿಡಿ. ಅದೂ ಪ್ಯಾನಲ್ ಹಾಕಿಸಿ, ಮೀಟರ್ ಕೂರಿಸಿ, ಚಾಲೂ ಆದ ಮೇಲೆ ಖಾತೆಗೆ ಬರೋದು. ಮೊದಲು ಕೈಯಿಂದ ಹಾಕಬೇಕು, ಇಲ್ಲಾ ಸಾಲ ಮಾಡಬೇಕು. ಅಂದ್ರೆ ದೊಡ್ಡ ತಾರಸಿ ಇದ್ದವನಿಗೆ ದೊಡ್ಡ ಸಬ್ಸಿಡಿ!

ನಿಯಮದಲ್ಲಿ ಎಲ್ಲೂ ಜಾತಿ ಬರೆದಿಲ್ಲ, ಒಪ್ತೀನಿ. ಆದರೆ ತಲೆಮಾರುಗಳಿಂದ ನಮಗೆ ಯಾವುದನ್ನು ಸಿಗದ ಹಾಗೆ ಮಾಡಿದರೋ ಅದನ್ನೇ ನಿಯಮ ಕೇಳ್ತಿದೆ: ಸ್ವಂತ ಜಾಗ, ಕಾಗದ, ಕೈಯಲ್ಲಿ ಕಾಸು. ಪಾವಗಡದಲ್ಲೂ ಆಗಿದ್ದು ಇದೇ. 13 ಸಾವಿರ ಎಕರೆಯ ಸೋಲಾರ್ ಪಾರ್ಕು, ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರುವಾದ ಗುತ್ತಿಗೆ ಹಣ. ಅದೇ ಹೊಲದಲ್ಲಿ ಕೂಲಿ ಮಾಡ್ತಿದ್ದ ಭೂಮಿ ಇಲ್ಲದವರಿಗೆ? ಗುತ್ತಿಗೆಯೂ ಇಲ್ಲ, ಕೂಲಿಯೂ ಹೋಯ್ತು.

"ನಿಮಗೆ ಗೃಹಜ್ಯೋತಿ ಇದೆಯಲ್ಲ, ಸೋಲಾರ್ ಯಾಕೆ?" ಅಂತ ಕೇಳೋರಿದ್ದಾರೆ. ಗೃಹಜ್ಯೋತಿ ಬೇಕು ಸ್ವಾಮಿ, ಬೇಡ ಅನ್ನಲ್ಲ. ಆದ್ರೆ ಅದು ಸರ್ಕಾರ ಇರೋವರೆಗೆ. ಪ್ಯಾನಲ್ಲು 25 ವರ್ಷದ ಆಸ್ತಿ, ಉಳಿದ ಕರೆಂಟು ಮಾರಬಹುದು. ಸಾರ್ವಜನಿಕರ ದುಡ್ಡಲ್ಲಿ ಅವರಿಗೆ ಆಸ್ತಿ, ನಮಗೆ ರಿಯಾಯಿತಿ ಮಾತ್ರ ಯಾಕೆ?

ದಾರಿ ಇಲ್ಲ ಅಂತಲ್ಲ. ಒಂದು ಕಡೆ ಪ್ಯಾನಲ್ ಹಾಕಿ, ಆ ಕರೆಂಟನ್ನ ಹಲವು ಮನೆಗಳ ಬಿಲ್ಲಿಗೆ ಹಂಚೋ ನಿಯಮ ದೆಹಲಿಯಲ್ಲಿ 2019ರಲ್ಲೇ ಬಂದಿದೆ. ನಮ್ಮ ಕೇರಿಯ ಅಂಬೇಡ್ಕರ್ ಭವನ, ಅಂಗನವಾಡಿ, ಶಾಲೆ ಮೇಲೆ ಸರ್ಕಾರವೇ ಪ್ಯಾನಲ್ ಹಾಕಲಿ, ಕೇರಿಯ ಮನೆಗಳಿಗೆ ಪಾಲು ಬರೆಯಲಿ. ಹಕ್ಕುಪತ್ರ ಇದ್ದರೆ ಸಾಕು ಅಂತ ಆದೇಶ ಆಗಲಿ. ತೀರಿಹೋದವರ ಹೆಸರಿನ ಮೀಟರ್‌ಗಳನ್ನ ಕೇರಿಗೇ ಬಂದು ಬದಲಾಯಿಸಿಕೊಡಲಿ.

1940ರ ದಶಕದಲ್ಲಿ ವೈಸರಾಯ್ ಕೌನ್ಸಿಲ್ಲಿನಲ್ಲಿ ಈ ದೇಶದ ವಿದ್ಯುತ್ ನೀತಿಗೆ ತಳಪಾಯ ಹಾಕಿದವರಲ್ಲಿ ಬಾಬಾಸಾಹೇಬರೂ ಒಬ್ಬರು. ಅವರ ಮಕ್ಕಳು ಕರೆಂಟಿಗಾಗಿ ಬೇಡಬೇಕಿಲ್ಲ, ಪಾಲು ಕೇಳ್ತಿದ್ದೀವಿ.

ನಿಮ್ಮ ಕೇರಿಯಲ್ಲಿ ಎಷ್ಟು ಮೀಟರ್ ಸತ್ತವರ ಹೆಸರಲ್ಲಿವೆ? ಲೆಕ್ಕ ಹಾಕಿ ಕಾಮೆಂಟಲ್ಲಿ ಬರೀರಿ. ಪಟ್ಟಿ ಹಿಡಿದೇ ಹೋಗೋಣ.

ಜೈಭೀಮ್.